ಸಂವಿಧಾನ ಸಭೆಯ ಕಡತಗಳಲ್ಲಿ ನಮ್ಮ ಪಾಲು



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹಬ್ಬ. ನಮ್ಮ ಹುಬ್ಬಳ್ಳಿ-ಧಾರವಾಡದಿಂದ ಎಷ್ಟೋ ಕುಟುಂಬಗಳು ಈ ದಿನಗಳಲ್ಲಿ ಹಳೇ ಗೋವೆಗೆ ಹೊರಡುತ್ತವೆ. 1948ರಲ್ಲಿ ಇದೇ ದಿನ ದೆಹಲಿಯಲ್ಲಿ ಭಾರತದ ಸಂವಿಧಾನ ಸಭೆ ಒಂದು ದೊಡ್ಡ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಈ ದೇಶದ ಪ್ರಜೆಗೆ ತನ್ನ ಧರ್ಮವನ್ನು ನಂಬಲು, ಆಚರಿಸಲು ಮಾತ್ರವಲ್ಲ, ಪ್ರಚಾರ ಮಾಡಲೂ ಹಕ್ಕು ಇರಬೇಕೇ? ಮಿಷನರಿಗಳ ಪಾಲಕರಾದ ಸಂತರ ಹಬ್ಬದಂದೇ ಆ ಚರ್ಚೆ ಆರಂಭವಾದದ್ದು ಕಾಕತಾಳೀಯವಿರಬಹುದು. ಆದರೂ ಆ ಚರ್ಚೆಯ ಕಡತಗಳನ್ನು ನಾವು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. 11 ಅಧಿವೇಶನಗಳಲ್ಲಿ 165 ದಿನ ಅದು ಕೂಡಿತು. ಅಲ್ಲಿ ಆಡಿದ ಮಾತುಗಳು 12 ಸಂಪುಟಗಳಲ್ಲಿ ಮುದ್ರಣವಾಗಿವೆ. ಇಂದು ಅವನ್ನು ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಒಂದು ಸಂವಿಧಾನ ಸಭೆಯಿತ್ತು. 1949ರಲ್ಲಿ ಮೈಸೂರು ಭಾರತದ ಸಂವಿಧಾನವನ್ನೇ ಒಪ್ಪಿಕೊಂಡಿತು. ನಮ್ಮ ಧಾರವಾಡ ಜಿಲ್ಲೆಯಾದರೋ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 'ಕರ್ಮವೀರ' ಪತ್ರಿಕೆಯನ್ನು ಹುಟ್ಟುಹಾಕಿದ ಧಾರವಾಡದ ಆರ್. ಆರ್. ದಿವಾಕರರು, ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಮುಂಬಯಿ ಪ್ರಾಂತದ ಸದಸ್ಯರಾಗಿಯೇ ದೆಹಲಿಯ ಸಭೆಯಲ್ಲಿ ಕುಳಿತರು.

'ಪ್ರಚಾರ' ಎಂಬ ಪದ ಮೊದಲ ಕರಡಿನಲ್ಲಿ ಇರಲಿಲ್ಲ. 1947ರ ಏಪ್ರಿಲ್‌ನಲ್ಲಿ ಅಲ್ಪಸಂಖ್ಯಾತರ ಉಪಸಮಿತಿಯಲ್ಲಿ ಮದ್ರಾಸಿನ ಕಥೋಲಿಕ ವಿದ್ವಾಂಸ ಎಂ. ರತ್ನಸ್ವಾಮಿ ಅವರು ಅದರ ಅಗತ್ಯವನ್ನು ಎತ್ತಿ ಹೇಳಿದರು. ತನ್ನ ನಂಬಿಕೆಯನ್ನು ಇತರರಿಗೆ ಸಾರುವುದು ಕೆಲವು ಧರ್ಮಗಳ ಸ್ವಭಾವವೇ ಆಗಿದೆ ಎಂಬುದು ಅವರ ವಾದ. ಪದ ಸೇರಿತು. 1948ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಹಾಕಬೇಕೆಂದು ಲೋಕನಾಥ ಮಿಶ್ರರು ಕಟುವಾಗಿ ವಾದಿಸಿದರು. ಧರ್ಮವು ಖಾಸಗಿ ವಿಷಯವೆಂದು ತಜಮ್ಮುಲ್ ಹುಸೇನರು ಹೇಳಿದರು. ಈ ಮಾತುಗಳೂ ಕಡತದಲ್ಲಿ ಹಾಗೆಯೇ ಉಳಿದಿವೆ.

ಡಿಸೆಂಬರ್ 6ರಂದು ಆ ಪದದ ಪರವಾಗಿ ನಿಂತವರು ಯಾರು? ಕೆ. ಎಂ. ಮುನ್ಶಿ, ಟಿ. ಟಿ. ಕೃಷ್ಣಮಾಚಾರಿ ಮೊದಲಾದವರು. ಇವರಿಬ್ಬರೂ ಕ್ರೈಸ್ತರಲ್ಲ. ಅಲ್ಪಸಂಖ್ಯಾತರೊಡನೆ ಆದ ಒಪ್ಪಂದವನ್ನು ಮುರಿಯಬಾರದೆಂದು ಮುನ್ಶಿಯವರು ಕೇಳಿಕೊಂಡರು. ಕೃಷ್ಣಮಾಚಾರಿಯವರು ತಮ್ಮ ಅನುಭವವನ್ನೇ ಸಾಕ್ಷಿಯಾಗಿ ಇಟ್ಟರು: ತಾವು ಸುಮಾರು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದು, ತಮ್ಮನ್ನು ಮತಾಂತರಿಸುವ ಪ್ರಯತ್ನ ನಡೆಯಲೇ ಇಲ್ಲ ಎಂದರು. ನೋಡಿ, ಎಂದೋ ಒಂದು ತರಗತಿಯಲ್ಲಿ ಹೆಸರಿಲ್ಲದ ಶಿಕ್ಷಕರು ಒಬ್ಬ ಹುಡುಗನನ್ನು ಗೌರವದಿಂದ ನಡೆಸಿಕೊಂಡರು. ವರ್ಷಗಳ ನಂತರ ಆ ಹುಡುಗ ದೇಶದ ಸಭೆಯಲ್ಲಿ ನಮ್ಮ ಪರವಾಗಿ ಎದ್ದುನಿಂತ! ಪದ ಉಳಿಯಿತು. ಅದೇ ಇಂದಿನ 25ನೆಯ ವಿಧಿ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಮಿತಿಗಳು ಅದಕ್ಕೆ ಇವೆ.

ಕಡತದ ಇನ್ನೊಂದು ಪುಟ ನಮಗೆ ಮತ್ತೂ ಹತ್ತಿರದ್ದು. 1948ರ ಕರಡು ಸಂವಿಧಾನದಲ್ಲಿ ಮದ್ರಾಸ್ ಮತ್ತು ಮುಂಬಯಿಯ ಭಾರತೀಯ ಕ್ರೈಸ್ತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳನ್ನು ಸೂಚಿಸಲಾಗಿತ್ತು. ಮಂಗಳೂರು ಮದ್ರಾಸಿನಲ್ಲಿ, ಹುಬ್ಬಳ್ಳಿ-ಧಾರವಾಡ ಮುಂಬಯಿಯಲ್ಲಿ ಇದ್ದುದರಿಂದ ಇದು ನಮ್ಮ ಹಿರಿಯರಿಗೇ ಸಂಬಂಧಿಸಿದ ವಿಷಯ. ಆದರೆ 1949ರ ಮೇ ತಿಂಗಳಲ್ಲಿ, ಪರಿಶಿಷ್ಟರನ್ನು ಬಿಟ್ಟು ಉಳಿದ ಅಲ್ಪಸಂಖ್ಯಾತರ ಮೀಸಲಾತಿ ಬೇಡವೆಂಬ ಗೊತ್ತುವಳಿಯನ್ನು ಸಲಹಾ ಸಮಿತಿಯಲ್ಲಿ ಮಂಡಿಸಿದವರು ಬಂಗಾಳದ ಕ್ರೈಸ್ತ ನಾಯಕ, ಸಂವಿಧಾನ ಸಭೆಯ ಉಪಾಧ್ಯಕ್ಷ ಎಚ್. ಸಿ. ಮುಖರ್ಜಿ. ಸರ್ದಾರ್ ಪಟೇಲರು ಅದನ್ನು ಸಭೆಯ ಮುಂದಿಟ್ಟರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು, ಮದ್ರಾಸಿನ ಸದಸ್ಯರಾಗಿದ್ದ ಸ್ವಾಮಿ ಜೆರೋಮ್ ಡಿಸೋಜರು ಬೆಂಬಲಿಸಿದರು. ಮೇ 26ರಂದು ಸಭೆ ಒಪ್ಪಿತು.

ಸಿಗಲಿದ್ದ ರಕ್ಷಣೆಯನ್ನು ಸಣ್ಣ ಸಮುದಾಯವೊಂದು ಏಕೆ ಬಿಟ್ಟುಕೊಟ್ಟಿತು? ನೆರೆಯವರ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಸರಿಯಾಗಿತ್ತೇ ಎಂದು ಇಂದು ಕೇಳುವವರೂ ನಮ್ಮಲ್ಲಿದ್ದಾರೆ. ಅವರ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. 'ಪ್ರಚಾರ' ಎಂಬ ಪದದ ಸುತ್ತ ವಾದ ಇನ್ನೂ ಮುಗಿದಿಲ್ಲ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆದ್ದರಿಂದಲೇ ಈ ಚರಿತ್ರೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ನಮ್ಮ ಹಕ್ಕುಗಳನ್ನು ನಾವು ಯಾರಿಂದಲೂ ಕಸಿದುಕೊಂಡಿಲ್ಲ, ಯಾರೂ ನಮಗೆ ಭಿಕ್ಷೆಯಾಗಿಯೂ ನೀಡಿಲ್ಲ. ಎದುರುಬದುರು ಕುಳಿತು, ವಾದಿಸಿ, ಒಬ್ಬರನ್ನೊಬ್ಬರು ಕೇಳಿಸಿಕೊಂಡು ಪಡೆದ ಹಕ್ಕುಗಳಿವು.

ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ನಾವು ಎಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ! ನಾವು ದೇವರ ಮಕ್ಕಳಾದುದಕ್ಕೆ ಅದು ದಾಖಲೆ. ಈ ದೇಶದಲ್ಲಿ ಸಮಾನ ಪ್ರಜೆಗಳಾದುದಕ್ಕೆ ದಾಖಲೆ ಆ 12 ಸಂಪುಟಗಳು. ನವೆಂಬರ್ 26 ಸಂವಿಧಾನ ದಿನ. ಒಂದು ವಾರ ಕಳೆದರೆ ಝೇವಿಯರ್ ಹಬ್ಬ. ಈ ಎರಡರ ನಡುವಿನ ಒಂದು ಸಂಜೆ, ಜಪಸರದ ಪ್ರಾರ್ಥನೆ ಮುಗಿದ ಮೇಲೆ, 1948ರ ಆ ಚರ್ಚೆಯ ಕೆಲವು ಪುಟಗಳನ್ನು ಮಕ್ಕಳೊಂದಿಗೆ ಕುಳಿತು ಓದೋಣ. ನಮ್ಮ ಶಾಲೆಯ ಬೆಂಚಿನಲ್ಲಿ, ನಮ್ಮ ಓಣಿಯಲ್ಲಿ ನಮ್ಮೊಡನೆ ಬೆಳೆಯುತ್ತಿರುವ ಅನ್ಯಧರ್ಮದ ಮಗು ನಾಳೆ ನಮ್ಮ ಬಗ್ಗೆ ಏನು ಸಾಕ್ಷಿ ನುಡಿದೀತು ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಆ ಸಾಕ್ಷಿಗೆ ಯೋಗ್ಯರಾಗಿ ಬಾಳಲು ಸಂತ ಫ್ರಾನ್ಸಿಸ್ ಝೇವಿಯರ್ ಅವರು ನಮಗಾಗಿ ಪ್ರಾರ್ಥಿಸಲಿ.