ಕ್ಲೇಮ್ ಮಾಡದವರ ಚರಿತ್ರೆ

ಬೆಂಗಳೂರಿನ ಯಾವುದೇ ಸಿಗ್ನಲ್ಲಿನಲ್ಲಿ ಹಿಂದಿನ ಕಾರು ಮುಂದಿನದಕ್ಕೆ ತಾಗಿದರೆ ಮೊದಲು ಬೈಗುಳ, ಆಮೇಲೆ ಲೆಕ್ಕಾಚಾರ. ಇಬ್ಬರೂ ಇಳಿದು ಬಗ್ಗಿ ನೋಡುತ್ತಾರೆ. ಬಂಪರಿನ ಮೂಲೆಯಲ್ಲಿ ಗೀರು, ಒಂದು ಕ್ಲಿಪ್ಪು ಕಿತ್ತುಬಂದಿದೆ. "ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮ್ ಮಾಡ್ಕೊಳ್ಳಿ" ಎನ್ನುತ್ತಾನೆ ಗುದ್ದಿದವನು. "ಮಾಡಿದ್ರೆ ನನ್ನ ಬೋನಸ್ ಹೋಗತ್ತೆ, ಅದನ್ನ ನೀವ್ ಕೊಡ್ತೀರಾ?" ಎನ್ನುತ್ತಾನೆ ಗುದ್ದಿಸಿಕೊಂಡವನು. ಚೌಕಾಸಿ ಮುಗಿಯುವ ಹೊತ್ತಿಗೆ ಸಾವಿರವೋ ಎರಡು ಸಾವಿರವೋ ಕೈ ಬದಲಾಗಿರುತ್ತದೆ, ಇಲ್ಲವೇ ಹಿಂದಿನ ಬಸ್ಸಿನ ಹಾರ್ನಿಗೆ ರೋಸಿ ಇಬ್ಬರೂ ಹೊರಟುಬಿಟ್ಟಿರುತ್ತಾರೆ. ವಿಮಾ ಕಂಪನಿಗೆ ಈ ಸುದ್ದಿ ಮುಟ್ಟುವುದಿಲ್ಲ.

ಮುಟ್ಟದಿದ್ದರೆ ಒಳ್ಳೆಯದು ಎಂದು ಕಂಪನಿಗಳೇ ಬಹಳ ಹಿಂದೆ ತೀರ್ಮಾನಿಸಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲೇ, ಕಾರು ಇನ್ನೂ ಶ್ರೀಮಂತರ ಆಟಿಕೆಯಾಗಿದ್ದಾಗ, ವರ್ಷವಿಡೀ ಕ್ಲೇಮ್ ಕೇಳದವರಿಗೆ ಮುಂದಿನ ಕಂತಿನಲ್ಲಿ ರಿಯಾಯಿತಿ, ಅಂದರೆ ಬೋನಸ್, ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿ ಬಂದಿತ್ತು. ಒಳ್ಳೆಯ ಚಾಲಕನಿಗೆ ಬಹುಮಾನ ಎಂಬುದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ ಇನ್ನೂ ಗಟ್ಟಿಯಾದದ್ದು. ಸಣ್ಣ ಕ್ಲೇಮಿಗೂ ಒಂದು ಕಡತ ತೆರೆಯಬೇಕು, ಯಾರಾದರೂ ಹೋಗಿ ನೋಡಬೇಕು, ಎಸ್ಟಿಮೇಟಿಗೆ ಸಹಿ ಬೀಳಬೇಕು, ಚೆಕ್ ಬರೆಯಬೇಕು. ಗೀರಿನ ಖರ್ಚಿಗಿಂತ ಗೀರನ್ನು ನೋಡುವ ಖರ್ಚೇ ಹೆಚ್ಚಾಗುತ್ತಿತ್ತು. ಆದ್ದರಿಂದ ಸಣ್ಣಪುಟ್ಟದ್ದನ್ನು ಮಾಲೀಕನೇ ನುಂಗಿಕೊಳ್ಳುವಂತೆ ಮಾಡಲು ಬೋನಸ್ ಅತ್ಯಂತ ಅಗ್ಗದ ಉಪಾಯವಾಗಿತ್ತು.

ಕಾನೂನು ಮಾತ್ರ ಬೇರೆ ದಿಕ್ಕಿನಿಂದ ಬಂತು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆ ಮೂರನೆಯವರಿಗೆ ಆಗುವ ಹಾನಿಗೆ ವಿಮೆಯನ್ನು ಕಡ್ಡಾಯ ಮಾಡಿತು. ಅದೇ ಜಾಡಿನಲ್ಲಿ ಇಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂದರೂ, ವಿಮೆಯನ್ನು ಕಡ್ಡಾಯಗೊಳಿಸುವ ಎಂಟನೇ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು. ಆ ಅಧ್ಯಾಯದ ಕಾಳಜಿ ರಸ್ತೆಯಲ್ಲಿ ಗಾಯಗೊಂಡವರು, ಸತ್ತವರು. ಮಾಲೀಕನ ಸ್ವಂತ ಕಾರಿನ ಮಡ್‌ಗಾರ್ಡ್ ಏನಾಯಿತೆಂಬುದು ಅದಕ್ಕೆ ಬೇಕಿರಲಿಲ್ಲ. ಅದು ಮಾಲೀಕನ ಇಷ್ಟ. ಬೇಕಿದ್ದವರು ಹೆಚ್ಚು ಹಣ ಕೊಟ್ಟು, ಗ್ಯಾರೇಜಿನ ಭಾಷೆಯಲ್ಲಿ 'ಫುಲ್ ಇನ್ಶೂರೆನ್ಸ್' ಮಾಡಿಸಿಕೊಳ್ಳುತ್ತಿದ್ದರು. ಬೋನಸ್ ಅನ್ವಯಿಸುವುದು ಸ್ವಂತ ಕಾರಿನ ಹಾನಿಯ ಈ ಎರಡನೇ ಭಾಗಕ್ಕೆ ಮಾತ್ರ.

1973ರ ಜನವರಿಯಿಂದ ಸಾಮಾನ್ಯ ವಿಮೆ ಪೂರ್ತಿಯಾಗಿ ಸರ್ಕಾರದ ಕೈಗೆ ಬಂತು. 107 ಕಂಪನಿಗಳು ಕರಗಿ ನಾಲ್ಕಾದವು: ಕಲ್ಕತ್ತೆಯ ನ್ಯಾಷನಲ್, ಬೊಂಬಾಯಿಯ ನ್ಯೂ ಇಂಡಿಯಾ, ದೆಹಲಿಯ ಓರಿಯಂಟಲ್, ಮದರಾಸಿನ ಯುನೈಟೆಡ್ ಇಂಡಿಯಾ. ಹೆಸರು ನಾಲ್ಕಿದ್ದರೂ ದರ ಒಂದೇ. ಟ್ಯಾರಿಫ್ ಸಲಹಾ ಸಮಿತಿ ನಿಗದಿ ಮಾಡಿದ ಪುಸ್ತಕದಲ್ಲಿ ಅಂಬಾಸಿಡರಿಗೆ ಎಷ್ಟು, ಫಿಯೆಟ್ಟಿಗೆ ಎಷ್ಟು, ಎಷ್ಟು ವರ್ಷ ಸುಮ್ಮನಿದ್ದರೆ ಎಷ್ಟು ರಿಯಾಯಿತಿ ಎಂಬುದೆಲ್ಲ ಅಚ್ಚಾಗಿತ್ತು. ಚೌಕಾಸಿಗೆ ಎಡೆಯೇ ಇರಲಿಲ್ಲ. ಆ ಕಾಲದ ಮಾಲೀಕನಿಗೆ ತನ್ನ ಕೈಯಿಂದ ಕಂತು ಇಳಿಸಿಕೊಳ್ಳಲು ಇದ್ದ ಮುಖ್ಯ ದಾರಿಯೆಂದರೆ ಕ್ಲೇಮ್ ಮಾಡದೆ ಉಳಿಯುವುದು.

ಅಂದಿನ ಕಾರುಗಳೂ ಅದಕ್ಕೆ ಸಹಕರಿಸುತ್ತಿದ್ದವು. ಅಂಬಾಸಿಡರಿಗೂ ಪದ್ಮಿನಿಗೂ ಇದ್ದದ್ದು ಕ್ರೋಮ್ ಲೇಪಿಸಿದ ಉಕ್ಕಿನ ಬಂಪರು. ಮೈಯೆಲ್ಲ ದಪ್ಪ ತಗಡು. ತಗ್ಗಾದ ಜಾಗವನ್ನು ಬಿಸಾಡುವ ಪ್ರಶ್ನೆಯೇ ಇಲ್ಲ, ಎತ್ತಬೇಕಷ್ಟೆ. ಟಿಂಕರಿಂಗ್ ಮಾಡುವವನು ತಗಡಿನ ಒಳಮೈಗೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿಹಿಡಿದು, ಹೊರಗಿನಿಂದ ಚಪ್ಪಟೆ ಸುತ್ತಿಗೆಯಲ್ಲಿ ಅಂಚಿನಿಂದ ನಡುವಿನತ್ತ ತಟ್ಟುತ್ತಾ ಬರುತ್ತಿದ್ದ. ನಡುವಿಗೇ ಹೊಡೆದರೆ ತಗಡು ಹಿಗ್ಗಿ ಬೇರೆಡೆ ಉಬ್ಬುತ್ತದೆ. ಮಟ್ಟವಾಯಿತೋ ಇಲ್ಲವೋ ಎಂದು ಕಣ್ಣಿಗಿಂತ ಅಂಗೈಯೇ ಚೆನ್ನಾಗಿ ಹೇಳುತ್ತಿತ್ತು. ಆಮೇಲೆ ಪುಟ್ಟಿ, ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜುವುದು, ಪ್ರೈಮರ್, ಬಣ್ಣ. ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆಯ ಅಂಗಡಿಗಳಿದ್ದವು, ಹಳೆಯದೇ ಸಾಕೆಂದರೆ ಶಿವಾಜಿನಗರದ ಗುಜರಿ. ಖರ್ಚಿನ ಬಹುಪಾಲು ಕೂಲಿ, ಆ ಕೂಲಿಯೂ ಕಡಿಮೆ. ಇಷ್ಟಕ್ಕೆ ವಿಮಾ ಕಚೇರಿಯ ಮೆಟ್ಟಿಲು ಹತ್ತುವವರು ಯಾರು?

ಹತ್ತಿದವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತಿತ್ತು. ತಪ್ಪು ಎದುರಿನವನದಾದರೂ ಹೋಗುವುದು ತಮ್ಮ ಬೋನಸ್ಸೇ. ಕಂಪನಿಗಳ ನಡುವೆ 'ನಾಕ್ ಫಾರ್ ನಾಕ್' ಎಂಬ ಒಡಂಬಡಿಕೆಯಿತ್ತು: ಎರಡು ಕಾರು ಗುದ್ದಿಕೊಂಡರೆ ಯಾರ ತಪ್ಪೆಂದು ಜಗಳವಾಡದೆ ಪ್ರತಿ ಕಂಪನಿಯೂ ತನ್ನ ಗಿರಾಕಿಯ ಕಾರನ್ನು ತಾನೇ ರಿಪೇರಿ ಮಾಡಿಸಬೇಕು. ಕಂಪನಿಗಳಿಗೆ ಇದರಿಂದ ವಕೀಲರ ಖರ್ಚು ಉಳಿಯಿತು, ಮಾಲೀಕನಿಗೆ ನ್ಯಾಯ ತಪ್ಪಿತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡಿ ಸುಮ್ಮನೆ ನಿಂತವನೂ ಬೇಲಿಗೆ ಗುದ್ದಿದವನೂ ಬೋನಸ್ಸಿನ ಲೆಕ್ಕದಲ್ಲಿ ಒಂದೇ ಆದರು. ಹಾನಿಯ ಹಣಕ್ಕೆ ಎದುರಿನವನ ಮೇಲೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಹೋಗುವ ಹಕ್ಕು ಇತ್ತು, ಇದೆ. ಒಂದು ಬಂಪರಿಗಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಬೀದಿಯಲ್ಲೇ ಕೈಗೆ ಕಾಸು ಬೀಳಲಿ ಎಂದು ಜನ ಹಟ ಹಿಡಿಯುವುದು ಬರೀ ಜಗಳಗಂಟಿತನದಿಂದಲ್ಲ.

ಫ್ರಾನ್ಸಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ 1976ರಿಂದ ಜಾರಿಯಲ್ಲಿರುವ ಕಡ್ಡಾಯ ಪದ್ಧತಿಯಲ್ಲಿ ಅಪಘಾತವಿಲ್ಲದ ಪ್ರತಿ ವರ್ಷಕ್ಕೆ ಕಂತಿನ ಗುಣಾಂಕ ಶೇ. 5ರಷ್ಟು ಇಳಿಯುತ್ತದೆ, ತನ್ನದೇ ತಪ್ಪಿನಿಂದಾದ ಪ್ರತಿ ಅಪಘಾತಕ್ಕೆ ಶೇ. 25ರಷ್ಟು ಏರುತ್ತದೆ. ತಪ್ಪಿಲ್ಲದಿದ್ದರೆ ಏರಿಕೆ ಇಲ್ಲ. ಯುರೋಪಿನ ವಿಮಾ ಗಣಿತಜ್ಞರು ಇದರ ಸುತ್ತ ಒಂದು ಸಣ್ಣ ಶಾಸ್ತ್ರವನ್ನೇ ಕಟ್ಟಿದ್ದಾರೆ. ರಿಯಾಯಿತಿ ಕಳೆದುಕೊಳ್ಳುವ ಭಯಕ್ಕೆ ಜನ ಸಣ್ಣ ನಷ್ಟವನ್ನು ಬಚ್ಚಿಡುವುದಕ್ಕೆ ಅವರು 'ಬೋನಸ್ ಹಸಿವು' ಎಂದರು. ಎಷ್ಟು ಮೊತ್ತದವರೆಗೆ ಸುಮ್ಮನಿರುವುದು ಲಾಭ ಎಂದು ಲೆಕ್ಕ ಹಾಕುವ ಸೂತ್ರವನ್ನು ಬೆಲ್ಜಿಯಂನ ಜಾನ್ ಲಮೇರ್ 1970ರ ದಶಕದಲ್ಲೇ ಬರೆದಿಟ್ಟರು.

ಭಾರತದ ಮಾಲೀಕರು ಆ ಸೂತ್ರ ಓದಿದವರಲ್ಲ, ಆದರೂ ಅದರಂತೆಯೇ ನಡೆದರು. 2002ರ ಜುಲೈ 1ರಂದು ಬಂದ ಹೊಸ ಮೋಟಾರ್ ಟ್ಯಾರಿಫ್ ಈ ಲೆಕ್ಕವನ್ನು ಇಂದಿನ ರೂಪಕ್ಕೆ ತಂದಿತು: ಒಂದು ವರ್ಷ ಕ್ಲೇಮಿಲ್ಲದಿದ್ದರೆ ಶೇ. 20, ಎರಡಾದರೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ಏಣಿ ಮುಗಿಯಿತು. ಒಂದೇ ಒಂದು ಕ್ಲೇಮಾದರೆ ಮೇಲಿನ ಮೆಟ್ಟಿಲಿನಿಂದ ನೇರ ನೆಲಕ್ಕೆ.

ಹಳೆಯ ಟ್ಯಾರಿಫಿನಲ್ಲಿ ರಿಯಾಯಿತಿ ಶೇ. 65ರವರೆಗೂ ಹೋಗುತ್ತಿತ್ತು. ಅದನ್ನು ಏಕಾಏಕಿ ಕಿತ್ತುಕೊಂಡರೆ ಗಲಾಟೆಯಾಗುತ್ತದೆಂದೋ ಏನೋ, ಹಿಂದಿನ ಲೆಕ್ಕದಲ್ಲಿ ಶೇ. 55 ಅಥವಾ 65 ಗಳಿಸಿದ್ದವರಿಗೆ ಅದು ಮುಂದುವರಿಯಲಿ ಎಂದು ಸಮಿತಿ ಬರೆಯಿತು, ಮೊದಲ ಕ್ಲೇಮ್ ಆಗುವವರೆಗೆ. ಆಗಿದ್ದೇ ತಡ ಸೊನ್ನೆ, ಮತ್ತೆ ಎಷ್ಟು ಹತ್ತಿದರೂ 50 ದಾಟುವಂತಿಲ್ಲ. ಹಳೆಯ ಪದ್ಮಿನಿಯನ್ನು ಜೋಪಾನವಾಗಿ ಇಟ್ಟುಕೊಂಡ ನಿವೃತ್ತ ನೌಕರನೊಬ್ಬ ಬಾಗಿಲಿಗೆ ಬಿದ್ದ ತಗ್ಗನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿದ್ದರೆ ಅದು ಜಿಪುಣತನವಲ್ಲ, ಒಳ್ಳೆಯ ಗಣಿತ.

ಬೋನಸ್ ಹೀಗೆ ಆಸ್ತಿಯ ಲಕ್ಷಣಗಳನ್ನೆಲ್ಲ ಪಡೆದುಕೊಂಡಿತ್ತು. ಅದು ಕಾರಿನದಲ್ಲ, ಮಾಲೀಕನದು. ಕಾರು ಮಾರಿದರೂ ಪತ್ರ ಬರೆಸಿಕೊಂಡು ಮೂರು ವರ್ಷದೊಳಗೆ ಹೊಸ ಕಾರಿಗೆ ಹಚ್ಚಬಹುದು. ಮಾಲೀಕ ತೀರಿಕೊಂಡರೆ, ಕಾರು ಹೆಂಡತಿಗೋ ಮಕ್ಕಳಿಗೋ ಬಂದರೆ, ಬೋನಸ್ಸೂ ಅವರಿಗೆ. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಎಲ್ಲ ಹೋಯಿತು.

ಈ ಆಸ್ತಿಯ ಬೆಲೆ ಎಷ್ಟು? ಲೆಕ್ಕಕ್ಕೆಂದು ಸ್ವಂತ ಹಾನಿಯ ಭಾಗದ ಮೂಲ ಕಂತು ₹10,000 ಎಂದಿಟ್ಟುಕೊಳ್ಳೋಣ, ಮಾಲೀಕ ಶೇ. 50ರ ಮೆಟ್ಟಿಲಲ್ಲಿದ್ದಾನೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ₹5,000 ಹೆಚ್ಚು ಕಟ್ಟುತ್ತಾನೆ, ಅದರ ಮುಂದೆ ₹3,000, ಆಮೇಲೆ ₹2,500, ₹1,500, ₹500. ಒಟ್ಟು ₹12,500, ಮೇಲೆ ತೆರಿಗೆ. ಕಾರಿನ ಬೆಲೆ ವರ್ಷವರ್ಷಕ್ಕೆ ಇಳಿದು ಕಂತೂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬಂಪರನ್ನು ಇಡಬೇಕು. ಮಾರುತಿ ನಂತರದ ಕಾಲದಲ್ಲಿ ಅದು ಪ್ಲಾಸ್ಟಿಕ್ಕಾಯಿತು. ಸುತ್ತಿಗೆಗೆ ಬಗ್ಗುವುದಿಲ್ಲ, ಸೀಳಿದರೆ ಬದಲಾಯಿಸುವುದೇ ಸರಿ ಎಂದು ಶೋರೂಮಿನವರು ಹೇಳುತ್ತಾರೆ. ರಬ್ಬರು, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಪಾಲಿಸಿ ಕೊಡುವುದು ಅರ್ಧ ಬೆಲೆ, ಕಾರು ಎಷ್ಟೇ ಹೊಸದಾಗಿರಲಿ. ಲೋಹದ ಭಾಗಕ್ಕಾದರೆ ಮೊದಲ ಆರು ತಿಂಗಳು ಕಡಿತವಿಲ್ಲ. ಉಕ್ಕಿನಿಂದ ಪ್ಲಾಸ್ಟಿಕ್ಕಿಗೆ ಹೋದದ್ದರಿಂದ ಮಾಲೀಕ ಎರಡು ಕಡೆ ಸೋತ: ಟಿಂಕರಿಂಗಿನ ಅಗ್ಗದ ದಾರಿ ಮುಚ್ಚಿತು, ವಿಮೆಯ ಪಾಲೂ ಕುಗ್ಗಿತು. ಇದರ ಮೇಲೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ ಕೈಯಿಂದ ಹಾಕಬೇಕಾದ ಮೊತ್ತ, 1500 ಸಿಸಿವರೆಗಿನ ಕಾರಿಗೆ ಈಗ ₹1,000. ₹4,000ದ ಬಂಪರು, ಬಣ್ಣ ಮತ್ತು ಕೂಲಿಗೆ ₹5,000 ಎಂದರೆ ₹9,000ದ ಬಿಲ್ಲು. ಕಡಿತಗಳೆಲ್ಲ ಮುಗಿದ ಮೇಲೆ ಕಂಪನಿಯಿಂದ ಬರುವುದು ₹6,000ದೊಳಗೆ. ಅಷ್ಟಕ್ಕಾಗಿ ₹12,000ದಷ್ಟು ರಿಯಾಯಿತಿಯನ್ನು ಸುಡುವುದು ಮೂರ್ಖತನ.

ಕಾನೂನು ಮತ್ತು ಪಾಲಿಸಿ ಈ ಜಾಣತನವನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿಗೆ 1994ರಲ್ಲಿ ಸೇರಿಸಿದ ಮಾತಿನಂತೆ, ಬೇರೆಯವರ ಆಸ್ತಿಗೆ ಹಾನಿಯಾದರೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಚಾಲಕನ ಕರ್ತವ್ಯ. ಎಷ್ಟು ಹಾನಿ ಎಂಬ ಕನಿಷ್ಠ ಮಿತಿ ಅಲ್ಲಿಲ್ಲ. ಪಾಲಿಸಿಯ ಮೊದಲ ಷರತ್ತು ಕೂಡ ಯಾವುದೇ ಅಪಘಾತವಾದ ಕೂಡಲೇ ಬರೆದು ತಿಳಿಸಿ ಎನ್ನುತ್ತದೆ. ಎರಡನೆಯದು ಇನ್ನೂ ಬಿಗಿ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳುವಂತಿಲ್ಲ, ಹಣ ಕೊಡುವ ಮಾತಾಡುವಂತಿಲ್ಲ, ಕೊಡುವಂತಿಲ್ಲ. ಅಕ್ಷರಶಃ ಓದಿದರೆ ಸಿಗ್ನಲ್ಲಿನ ಆ ಎರಡು ಸಾವಿರದ ರಾಜಿಯೇ ಷರತ್ತಿನ ಉಲ್ಲಂಘನೆ. ಒಂದೇ ಕಾಗದದ ಒಂದು ಪುಟ 'ಹೇಳು' ಎನ್ನುತ್ತದೆ, ಇನ್ನೊಂದು ಪುಟ 'ಹೇಳದಿದ್ದರೆ ಅರ್ಧ ಕಂತು ಬಿಡುತ್ತೇನೆ' ಎನ್ನುತ್ತದೆ. ಜನ ಎರಡನೆಯದನ್ನೇ ನಂಬಿದರು. ಕಂಪನಿಗಳೂ ಅದರಿಂದ ಬೇಸರಪಟ್ಟಂತೆ ಕಾಣುವುದಿಲ್ಲ.

ಅಪಾಯವಿದ್ದದ್ದು ರಾಜಿ ಮುರಿದುಬಿದ್ದಾಗ. ಬೀದಿಯಲ್ಲಿ 'ಪರವಾಗಿಲ್ಲ ಬಿಡಿ' ಎಂದು ಹೊರಟವನಿಗೆ ಮರುದಿನ ಕತ್ತು ನೋವು ಬರಬಹುದು, ಗ್ಯಾರೇಜಿನವನು ಒಳಗಿನ ಬ್ರಾಕೆಟ್ಟೂ ಮುರಿದಿದೆ ಎನ್ನಬಹುದು. ಆಗ ತಡವಾಗಿ ತಿಳಿಸಿದಿರಿ ಎಂದು ಕಂಪನಿ ಕೈಯೆತ್ತುವ ಸಾಧ್ಯತೆ ಇತ್ತು. ತಡವೊಂದನ್ನೇ ನೆಪ ಮಾಡಿ ನಿಜವಾದ ಕ್ಲೇಮನ್ನು ತಳ್ಳಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಕಳಿಸಿತು. ಸುಪ್ರೀಂ ಕೋರ್ಟು 2017 ಮತ್ತು 2020ರಲ್ಲಿ ವಾಹನ ಕಳವಿನ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ ತೀರ್ಪು ಕೊಟ್ಟಿತು. ಅದಕ್ಕೆ ಮುಂಚಿನ ಕೆಲವು ತೀರ್ಪುಗಳು ಇಷ್ಟು ಉದಾರವಾಗಿರಲಿಲ್ಲ.

ಸುಳ್ಳಿನ ಕತೆಯೂ ಇದರ ಜೊತೆಗೇ ಇದೆ. ಒಂದು ಕಂಪನಿಯಲ್ಲಿ ಕ್ಲೇಮ್ ಮಾಡಿ, ಮುಂದಿನ ವರ್ಷ ಇನ್ನೊಂದಕ್ಕೆ ಹೋಗಿ 'ಕ್ಲೇಮೇ ಇಲ್ಲ' ಎಂದು ಸಹಿ ಹಾಕಿದರೆ ಕಾಗದದ ಕಾಲದಲ್ಲಿ ಸಿಕ್ಕಿಬೀಳುವುದು ಕಷ್ಟವಿತ್ತು. ಹೊಸ ಕಂಪನಿ 21 ದಿನದೊಳಗೆ ಹಳೆಯದಕ್ಕೆ ಪತ್ರ ಬರೆದು ಖಚಿತಪಡಿಸಿಕೊಳ್ಳಬೇಕೆಂದು 2002ರ ಟ್ಯಾರಿಫ್ ಹೇಳಿತ್ತು. ಘೋಷಣೆ ಸುಳ್ಳಾದರೆ ಸ್ವಂತ ಹಾನಿಯ ಭಾಗದ ಪ್ರಯೋಜನವೆಲ್ಲ ಮುಟ್ಟುಗೋಲು. ಇಪ್ಪತ್ತೈದು ಪೈಸೆಯಷ್ಟು ಉಳಿಸಲು ಹೋಗಿ ರೂಪಾಯಿ ಕಳೆದುಕೊಂಡ ಇಂಥವರ ಪ್ರಕರಣಗಳು ಗ್ರಾಹಕ ವೇದಿಕೆಗಳಿಗೂ ಹೋದವು.

2007ರ ಜನವರಿಯಿಂದ ದರದ ಹಿಡಿತ ಸಡಿಲವಾಯಿತು. ಆ ಹೊತ್ತಿಗೆ ಮತ್ತೆ ಕಾಲಿಟ್ಟಿದ್ದ ಖಾಸಗಿ ಕಂಪನಿಗಳು ಸ್ವಂತ ಹಾನಿಯ ಕಂತಿನಲ್ಲಿ ಪೈಪೋಟಿಗೆ ಬಿದ್ದು ರಿಯಾಯಿತಿ ಸುರಿದವು. ಬೋನಸ್ಸಿನ ಏಣಿ ಮಾತ್ರ ಹಳೆಯದೇ ಉಳಿಯಿತು. ಇದರ ಪರಿಣಾಮವನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಮೂಲ ಕಂತು ಇಳಿದರೆ ಅದರ ಅರ್ಧವಾದ ಬೋನಸ್ಸೂ ಇಳಿಯುತ್ತದೆ. ಅದೇ ಹೊತ್ತಿಗೆ ಬಂಪರಿನೊಳಗೆ ಪಾರ್ಕಿಂಗ್ ಸೆನ್ಸರು, ಕ್ಯಾಮೆರಾ, ಎಲ್‌ಇಡಿ ದೀಪ ಸೇರಿ ರಿಪೇರಿಯ ಬಿಲ್ಲು ಏರುತ್ತಿತ್ತು. ಅಪ್ಪನ ಕಾಲದಲ್ಲಿ ಸುಮ್ಮನಿರುವುದೇ ಲಾಭವಾಗಿದ್ದ ಗುದ್ದಿಗೆ ಮಗನ ಕಾಲದಲ್ಲಿ ಕ್ಲೇಮ್ ಮಾಡುವುದೇ ಲಾಭವಾಗಬಹುದು. ಮನೆಯ ಹಿರಿಯರು ಮಾತ್ರ ಇನ್ನೂ ಹಳೆಯ ಲೆಕ್ಕದಲ್ಲೇ ಬುದ್ಧಿ ಹೇಳುತ್ತಿರುತ್ತಾರೆ.

ಕಂಪನಿಗಳಿಗೆ ಈ ಗೊಂದಲವೇ ಹೊಸ ಸರಕಾಯಿತು. ಪ್ಲಾಸ್ಟಿಕ್ಕಿಗೂ ಪೂರ್ತಿ ಬೆಲೆ ಬೇಕೆ? 'ಬಂಪರ್ ಟು ಬಂಪರ್' ತೆಗೆದುಕೊಳ್ಳಿ. ಕ್ಲೇಮ್ ಮಾಡಿಯೂ ಬೋನಸ್ ಉಳಿಯಬೇಕೆ? ಅದಕ್ಕೂ ಒಂದು ರಕ್ಷಣೆ ಇದೆ, ಇಷ್ಟು ಹೆಚ್ಚು ಕಟ್ಟಿ. ಸಣ್ಣ ಕ್ಲೇಮ್ ಬಾರದಿರಲಿ ಎಂದು ಶುರುವಾದ ರಿಯಾಯಿತಿಯನ್ನೇ ಉಳಿಸಿಕೊಡುವುದಾಗಿ ಹೇಳಿ ಮತ್ತೊಮ್ಮೆ ಕಂತು ವಸೂಲು ಮಾಡುವ ಈ ವ್ಯಾಪಾರದಲ್ಲಿ ಚಾತುರ್ಯವಿದೆ, ಸಂಕೋಚವಿಲ್ಲ. ವರ್ಷಕ್ಕೆ ಇಂತಿಷ್ಟೇ ಕ್ಲೇಮು ಎಂಬ ಮಿತಿ ಸಾಮಾನ್ಯವಾಗಿ ಪಾಲಿಸಿಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಬೋನಸ್ಸಿನ ಘೋಷಣೆ ನಿಜವೇ ಎಂದು ನೋಡಲು ಈಗ ಕಂಪನಿಗಳ ನಡುವೆ ಅಂಚೆಯ ಪತ್ರ ಓಡಾಡಬೇಕಿಲ್ಲ. ಪಾಲಿಸಿ ಮತ್ತು ಕ್ಲೇಮುಗಳ ವಿವರ ಹೈದರಾಬಾದಿನ ವಿಮಾ ಮಾಹಿತಿ ಬ್ಯೂರೋದಲ್ಲಿ ಸೇರುತ್ತದೆ. 2022ರ ಜುಲೈನಲ್ಲಿ ಪ್ರಾಧಿಕಾರ ಇನ್ನೊಂದು ಬಾಗಿಲು ತೆರೆಯಿತು: ಕಾರು ಎಷ್ಟು ಓಡುತ್ತದೆ, ಹೇಗೆ ಓಡುತ್ತದೆ ಎಂಬುದರ ಮೇಲೆ ಕಂತು ಕಟ್ಟುವ ಸೌಲಭ್ಯ. ಮೊಬೈಲಿನ ಆ್ಯಪು ಅಥವಾ ಕಾರಿನೊಳಗಿನ ಸಣ್ಣ ಸಾಧನ ವೇಗವನ್ನೂ ಬ್ರೇಕ್ ಹೊಡೆದ ರಭಸವನ್ನೂ ಬರೆದುಕೊಳ್ಳುತ್ತದೆ. ಇಂಥ ಪಾಲಿಸಿ ಕೊಂಡವನು ಸಿಗ್ನಲ್ಲಿನ ಗುದ್ದನ್ನು ಕಂಪನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ, ಅವನು ಗಕ್ಕನೆ ಬ್ರೇಕ್ ಹಾಕಿದ ದಾಖಲೆ ಕಂಪನಿಯನ್ನು ಮುಟ್ಟಿರುತ್ತದೆ. ಅದು ತನ್ನ ಮುಂದಿನ ವರ್ಷದ ಕಂತಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ತಿಳಿಯಲು ಅವನು ಏಜೆಂಟನ್ನೇ ಕೇಳಬೇಕು.