ಎಳೆಯ ಜೀವ, ಅಂಗದಾನ ಮತ್ತು ತಂದೆತಾಯಿಗಳ ಶ್ರದ್ಧೆ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಪೂರ್ವಾಚಾರ್ಯರು ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈದ್ಯವಿಜ್ಞಾನವು ಇವುಗಳ ಪಕ್ಕದಲ್ಲಿ ಇನ್ನೊಂದನ್ನು ತಂದು ನಿಲ್ಲಿಸಿತು. ಅದು ದೇಹದ ಅಂಗವನ್ನೇ ಕೊಡುವ ದಾನ. ಇದನ್ನು ಸ್ವೀಕರಿಸಬೇಕಾದವನು ಎಳೆಯ ಮಗುವಾದಾಗ ಒಂದು ಕಠಿಣವಾದ ಧರ್ಮಪ್ರಶ್ನೆ ಏಳುತ್ತದೆ. ಚಿಕ್ಕ ಮಗುವಿಗೆ ಹೊಂದುವ ಅಂಗವು ಬಹುಮಟ್ಟಿಗೆ ಮತ್ತೊಂದು ಚಿಕ್ಕ ಮಗುವಿನಿಂದಲೇ ಬರಬೇಕಾಗಿದ್ದ ಕಾಲದಲ್ಲಿ, ತಮ್ಮ ಕೂಸು ಉಳಿಯಲೆಂದು ಹಂಬಲಿಸುವ ತಂದೆತಾಯಿಗಳು ಅರಿತೋ ಅರಿಯದೆಯೋ ಇನ್ನೊಂದು ಮನೆಯ ಕೂಸಿನ ಮರಣವನ್ನು ಹಾರೈಸಿದಂತಾಗುವುದಿಲ್ಲವೇ? ಈ ಪ್ರಶ್ನೆಗೆ ಯಕೃತ್ತಿನ ಕಸಿಯ ಇತಿಹಾಸವೇ ಕೆಲವು ಉತ್ತರಗಳನ್ನು ಒದಗಿಸಿದೆ.

ಕೆಲವು ಶಿಶುಗಳಲ್ಲಿ ಯಕೃತ್ತಿನಿಂದ ಪಿತ್ತರಸವನ್ನು ಒಯ್ಯುವ ನಾಳಗಳು ಮುಚ್ಚಿಹೋಗಿರುತ್ತವೆ. ಪಿತ್ತರಸವು ಒಳಗೇ ನಿಂತು ಯಕೃತ್ತು ಕ್ರಮೇಣ ಗಟ್ಟಿಯಾಗಿ ಕೆಡುತ್ತದೆ. ಜಪಾನಿನ ಡಾ. ಮೊರಿಯೊ ಕಸಾಯ್ ಅವರು 1950ರ ದಶಕದಲ್ಲಿ ಕರುಳನ್ನು ನೇರವಾಗಿ ಯಕೃತ್ತಿಗೆ ಜೋಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಅದು ಫಲಿಸದ ಮಕ್ಕಳಿಗೆ ಅಂಗದ ಕಸಿಯೊಂದೇ ದಾರಿ. 1963ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಅವರು ಮಾನವನಲ್ಲಿ ಮೊದಲ ಬಾರಿಗೆ ಯಕೃತ್ತಿನ ಕಸಿಗೆ ಕೈಹಾಕಿದಾಗ ರೋಗಿಯಾಗಿದ್ದವನು ಇದೇ ವ್ಯಾಧಿಯ ಮೂರು ವರ್ಷದ ಬಾಲಕ. ರಕ್ತಸ್ರಾವವು ನಿಲ್ಲದೆ ಆ ಬಾಲಕ ಶಸ್ತ್ರಕ್ರಿಯೆಯ ವೇಳೆಯಲ್ಲೇ ತೀರಿಕೊಂಡನು. 1967ರಲ್ಲಿ ಅವರೇ ಕಸಿ ಮಾಡಿದ ಎರಡು ವರ್ಷ ತುಂಬದ ಬಾಲಕಿಯೊಬ್ಬಳು ಒಂದು ವರ್ಷಕ್ಕೂ ಮಿಕ್ಕಿ ಬದುಕಿದಳು. ಪರಕೀಯ ಅಂಗವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧಕ್ಕೆ 1983ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆತ ಮೇಲೆ ಈ ಚಿಕಿತ್ಸೆಯು ಭದ್ರವಾದ ನೆಲೆಯನ್ನು ಕಂಡಿತು.

ಅದಕ್ಕೆ ಒಂದು ವರ್ಷ ಮುಂಚೆ, 1982ರಲ್ಲಿ, ಜೇಮಿ ಫಿಸ್ಕ್ ಎಂಬ ಹನ್ನೊಂದು ತಿಂಗಳ ಹೆಣ್ಣುಮಗು ಇದೇ ರೋಗದಿಂದ ಸಾವಿನಂಚಿನಲ್ಲಿತ್ತು. ಆಕೆಯ ತಂದೆಯು ನ್ಯೂಯಾರ್ಕಿನಲ್ಲಿ ಸೇರಿದ್ದ ಶಿಶುವೈದ್ಯರ ಸಮ್ಮೇಳನದಲ್ಲಿ ನಿಂತು, ದಾನಿಯ ಸುಳಿವು ಕಂಡರೆ ತಿಳಿಸಬೇಕೆಂದು ಬೇಡಿಕೊಂಡನು. ಕೆಲವೇ ದಿನಗಳಲ್ಲಿ ದೂರದ ಯೂಟಾ ರಾಜ್ಯದಲ್ಲಿ ಕಾರಿಗೆ ರೈಲು ಬಡಿದ ಅಪಘಾತದಲ್ಲಿ ಹತ್ತು ತಿಂಗಳ ಗಂಡುಮಗುವೊಂದು ಅಸುನೀಗಿತು. ಆ ಮಗುವಿನ ತಂದೆತಾಯಿಗಳು ತಮ್ಮ ದುಃಖದ ನಡುವೆಯೇ ಅಂಗದಾನಕ್ಕೆ ಒಪ್ಪಿದರು. ನವೆಂಬರ್ 5ರಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ಜಾನ್ ನಜಾರಿಯನ್ ಅವರು ಕಸಿಯನ್ನು ನೆರವೇರಿಸಿದರು. ಮಗು ಉಳಿಯಿತು, ಬೆಳೆದು ದೊಡ್ಡವಳಾಯಿತು.

ಜೈನನೀತಿಯು ಹಿಂಸೆಯನ್ನು ಕೈಯಿಂದ ಮಾಡಿದ ಕೃತ್ಯಕ್ಕಷ್ಟೇ ಸೀಮಿತಗೊಳಿಸುವುದಿಲ್ಲ. ಮನ, ವಚನ, ಕಾಯಗಳಲ್ಲಿ ಕೃತ, ಕಾರಿತ, ಅನುಮೋದಿತ ಎಂದು ಅದನ್ನು ಸೂಕ್ಷ್ಮವಾಗಿ ಅಳೆಯುತ್ತದೆ. ಆ ಅಳತೆಗೋಲಿನಿಂದ ನೋಡಿದರೂ ಈ ತಂದೆಯ ಬೇಡಿಕೆಯಲ್ಲಿ ಮರಣದ ಅನುಮೋದನೆಯು ಕಾಣದು. ಅಪಘಾತವನ್ನು ಅವನು ಮಾಡಲಿಲ್ಲ, ಮಾಡಿಸಲಿಲ್ಲ, ಬಯಸಲೂ ಇಲ್ಲ. ಸಂಭವಿಸಿಯೇ ತೀರಿದ ಸಾವೊಂದು ಪೂರ್ತಿಯಾಗಿ ವ್ಯರ್ಥವಾಗದಿರಲಿ ಎಂಬುದಷ್ಟೇ ಅವನ ಕೋರಿಕೆ. ಆದರೂ ಈ ಎರಡರ ನಡುವಿನ ಗೆರೆ ಬಲು ತೆಳುವಾದುದು. ಇಷ್ಟವಿಯೋಗದ ಭಯದಿಂದ ಹುಟ್ಟುವ ಆರ್ತಧ್ಯಾನವು ಮನಸ್ಸನ್ನು ಯಾವ ಕಡೆಗೂ ಎಳೆಯಬಲ್ಲದು. ಆದುದರಿಂದ ಕಾಯುವ ಮನೆಯವರು ಕಾವಲಿಡಬೇಕಾದುದು ಮೊದಲು ತಮ್ಮ ಭಾವಕ್ಕೆ.

ಈ ಪ್ರಕರಣವು ಇನ್ನೊಂದು ಕೊರತೆಯನ್ನೂ ಬಯಲುಗೊಳಿಸಿತು. ಸಮ್ಮೇಳನದ ವೇದಿಕೆಯನ್ನು ಏರಬಲ್ಲ ತಂದೆಯಿಲ್ಲದ ಮಗುವಿನ ಗತಿಯೇನು? 1984ರಲ್ಲಿ ಅಮೆರಿಕವು ಅಂಗಗಳ ಮಾರಾಟವನ್ನು ನಿಷೇಧಿಸಿ, ಅವುಗಳ ಹಂಚಿಕೆಗೆ ರಾಷ್ಟ್ರವ್ಯಾಪಿ ವ್ಯವಸ್ಥೆಯನ್ನು ವಿಧಿಸುವ ಕಾನೂನನ್ನು ರಚಿಸಿತು.

ಎರಡನೆಯ ಉತ್ತರವು 1989ರಲ್ಲಿ ದೊರೆಯಿತು. ಯಕೃತ್ತಿಗೆ ಮರಳಿ ಬೆಳೆಯುವ ಗುಣವಿದೆ. ವಯಸ್ಕರ ಯಕೃತ್ತಿನ ಒಂದು ಭಾಗವು ಎಳೆಯ ಮಗುವಿಗೆ ಸಾಕಾಗುತ್ತದೆ. ಆ ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಡಾ. ರಸೆಲ್ ಸ್ಟ್ರಾಂಗ್ ಅವರು ಜಪಾನಿನ ತಾಯಿಯೊಬ್ಬಳ ಯಕೃತ್ತಿನ ಭಾಗವನ್ನು ಆಕೆಯ ಮಗನಿಗೆ ಯಶಸ್ವಿಯಾಗಿ ಜೋಡಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಚಿಕಾಗೋ ನಗರದಲ್ಲಿ ಡಾ. ಕ್ರಿಸ್ಟೋಫ್ ಬ್ರೋಲ್ಶ್ ಅವರ ತಂಡವು ತಾಯಿಯಿಂದ ಮಗಳಿಗೆ ಇಂಥದೇ ಕಸಿಯನ್ನು ಮಾಡಿತು. ಇನ್ನು ಮತ್ತೊಂದು ಮನೆಯ ಶೋಕಕ್ಕಾಗಿ ಕಾಯಬೇಕಾಗಿರಲಿಲ್ಲ. ಆದರೆ ನಿರೋಗಿಯಾದ ವ್ಯಕ್ತಿಯ ಮೇಲೆ ಶಸ್ತ್ರವನ್ನಿಡುವುದು ಸರಿಯೇ ಎಂಬ ಹೊಸ ಪ್ರಶ್ನೆ ಎದುರಾಯಿತು. ಚಿಕಾಗೋದ ವೈದ್ಯರು ಶಸ್ತ್ರಕ್ರಿಯೆಗೆ ಮುಂಚೆಯೇ ಅದರ ನೈತಿಕ ವಿವೇಚನೆಯನ್ನು ಪ್ರಕಟಿಸಿ ಚರ್ಚೆಗೆ ಒಡ್ಡಿದ್ದರು. ಅವರ ಭಯವು ನಿರಾಧಾರವಾಗಿರಲಿಲ್ಲ. ಅಲ್ಲಿ ಮೊದಲು ದಾನವಿತ್ತ ತಾಯಿಯು ಶಸ್ತ್ರಕ್ರಿಯೆಯಲ್ಲಿ ತನ್ನ ಗುಲ್ಮವನ್ನು ಕಳೆದುಕೊಂಡಳು.

ಭಾರತದಲ್ಲಿ ಮಾನವ ಅಂಗಾಂಗಗಳ ಕಸಿ ಕಾಯಿದೆಯು 1994ರಲ್ಲಿ ರಚನೆಯಾಯಿತು. ಅದು ಅಂಗಗಳ ವ್ಯಾಪಾರವನ್ನು ಅಪರಾಧವೆಂದು ಸಾರಿ, ಮಿದುಳುಕಾಂಡದ ಮರಣಕ್ಕೆ ಮನ್ನಣೆಯಿತ್ತಿತು. ಮೃತಪಟ್ಟ ಅಪ್ರಾಪ್ತ ಮಗುವಿನ ಅಂಗದಾನಕ್ಕೆ ಒಪ್ಪಿಗೆ ಕೊಡುವ ಅಧಿಕಾರವನ್ನು ತಂದೆತಾಯಿಗಳಿಗೆ ಒಪ್ಪಿಸಿತು. 1998ರ ನವೆಂಬರಿನಲ್ಲಿ ಕಾಂಚೀಪುರದ ಸಂಜಯ್ ಕಂದಸಾಮಿ ಎಂಬ, ಎರಡು ವರ್ಷ ತುಂಬದ ಬಾಲಕನಿಗೆ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಅವನ ತಂದೆಯ ಯಕೃತ್ತಿನ ಭಾಗವನ್ನು ಕಸಿ ಮಾಡಲಾಯಿತು. ಭಾರತದಲ್ಲಿ ಮಗುವೊಂದಕ್ಕೆ ನಡೆದ ಮೊದಲ ಯಶಸ್ವಿ ಯಕೃತ್ತಿನ ಕಸಿ ಅದು. ಈ ದೇಶದಲ್ಲಿ ಅನುಸರಿಸಲು ಪೂರ್ವೋದಾಹರಣೆಯಿಲ್ಲದ ದಾರಿಯಲ್ಲಿ ಆ ಕುಟುಂಬವು ಜಿನಕಾಂಚಿಯ ಊರಿನಿಂದ ರಾಜಧಾನಿಯವರೆಗೆ ನಡೆದುಹೋಯಿತು. ಆ ಬಾಲಕನು ಮುಂದೆ ತಾನೇ ವೈದ್ಯನಾದನು.

ತನ್ನ ದೇಹವನ್ನಿತ್ತು ಪರಜೀವವನ್ನು ಉಳಿಸುವ ಕಲ್ಪನೆಯು ಜೈನಪುರಾಣಗಳಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತ್ರಿಷಷ್ಟಿಶಲಾಕಾಪುರುಷಚರಿತ್ರೆಯಲ್ಲಿ ಶಾಂತಿನಾಥ ತೀರ್ಥಂಕರರ ಪೂರ್ವಭವವೊಂದನ್ನು ಹೇಳುತ್ತಾರೆ. ಶರಣುಬಂದ ಪಾರಿವಾಳವನ್ನು ಗಿಡುಗನಿಂದ ಕಾಪಾಡಲು ಮೇಘರಥ ರಾಜನು ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಯಲ್ಲಿಟ್ಟನು. ತೂಕವು ಸಾಲದಿರಲು ಕೊನೆಗೆ ತಾನೇ ತಕ್ಕಡಿಯನ್ನೇರಿದನು. ಈ ಕಥೆಯಲ್ಲಿ ಗಮನಿಸತಕ್ಕ ಅಂಶವೆಂದರೆ, ರಾಜನು ಪರಿವಾರದವರಲ್ಲಿ ಒಬ್ಬನನ್ನೂ ತಕ್ಕಡಿಗೆ ತಳ್ಳಲಿಲ್ಲ. ಮನೆಯ ಸೊಸೆಯನ್ನೋ ಬಡ ಬಂಧುವನ್ನೋ ಲೋಕಲಜ್ಜೆಯಿಂದ ಕಟ್ಟಿಹಾಕಿ ಒಪ್ಪಿಸಿದ ಅಂಗವು ದಾನವೆನಿಸದು. ಅದು ಹಿಂಸೆಯ ಇನ್ನೊಂದು ರೂಪ.

ಇಂಥ ಸಂದರ್ಭದಲ್ಲಿ ಸಮಾಜದಲ್ಲಿ ಕೇಳಿಬರುವ ಒಂದು ಮಾತನ್ನು ಪರೀಕ್ಷಿಸಬೇಕು. ಮಗುವಿನ ರೋಗವು ಪೂರ್ವಕರ್ಮದ ಫಲ, ಅದನ್ನು ಅನುಭವಿಸಿಯೇ ತೀರಬೇಕು ಎಂಬುದು ಆ ಮಾತು. ಕರ್ಮೋದಯವು ಚಿಕಿತ್ಸೆಯನ್ನು ನಿಷೇಧಿಸುವುದಾಗಿದ್ದರೆ ಔಷಧದಾನಕ್ಕೆ ನಾಲ್ಕು ದಾನಗಳಲ್ಲಿ ಸ್ಥಾನವೇ ಇರುತ್ತಿರಲಿಲ್ಲ. ಕರ್ಮಸಿದ್ಧಾಂತವಿರುವುದು ತನ್ನ ನಡತೆಯನ್ನು ತಿದ್ದಿಕೊಳ್ಳಲು. ನೊಂದ ತಾಯಿಯ ಮೇಲೆ ತೀರ್ಪು ಕೊಡಲು ಅದನ್ನು ಬಳಸುವುದು ಧರ್ಮವಲ್ಲ.

ಹಾಗಾದರೆ ಬಸದಿಯಲ್ಲಿ ನಿಂತ ಆ ತಾಯಿಯು ಏನನ್ನು ಬೇಡಬಹುದು? ಜಿನನು ವೀತರಾಗ. ಒಬ್ಬರ ಮಗುವನ್ನು ಉಳಿಸಿ ಇನ್ನೊಬ್ಬರ ಮಗುವನ್ನು ಒಯ್ಯುವ ಪಕ್ಷಪಾತವು ಅವನಲ್ಲಿಲ್ಲ. ಈ ತಿಳಿವು ಮೊದಲಿಗೆ ನಿಷ್ಠುರವೆನಿಸಿದರೂ ಕಾಯುವ ಮನೆಗೆ ಅದೇ ದೊಡ್ಡ ಸಾಂತ್ವನ. ಕಸಿಯು ಫಲಿಸದೆ ಹೋದರೆ ತಮ್ಮ ಭಕ್ತಿ ಸಾಲದಾಯಿತೆಂದು ಆ ಮನೆಯವರು ಕೊರಗಬೇಕಾಗಿಲ್ಲ. ಫಲಿಸಿದರೆ ತಾವು ಇತರರಿಗಿಂತ ಪುಣ್ಯವಂತರೆಂದು ಹೆಮ್ಮೆಪಡುವಂತೆಯೂ ಇಲ್ಲ. ಮನವು ಕದಡದಿರಲಿ, ಯಾರ ಕೇಡನ್ನೂ ಬಯಸದಿರಲಿ ಎಂಬುದೇ ಅಲ್ಲಿ ಸಲ್ಲುವ ಪ್ರಾರ್ಥನೆ.

ಉಳಿದುದು ಸಮಾಜದ ಹೊಣೆ. ಹುಟ್ಟಿ ಎರಡು ವಾರ ಕಳೆದರೂ ಶಿಶುವಿನ ಕಾಮಾಲೆ ಇಳಿಯದಿದ್ದರೆ, ಮಲವು ಬಿಳಿಚಿಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಸಾಯ್ ಶಸ್ತ್ರಕ್ರಿಯೆಯು ಮೊದಲ ಎರಡು ತಿಂಗಳೊಳಗೆ ಆದರೆ ಹೆಚ್ಚು ಫಲಕಾರಿ. ಕಸಿಯಾದ ಮಗುವಿಗೆ ಸಾಮಾನ್ಯವಾಗಿ ಜೀವಮಾನವಿಡೀ ಔಷಧ ಬೇಕಾಗುತ್ತದೆ. ಬಸದಿಯ ಟ್ರಸ್ಟುಗಳು ಆ ವೆಚ್ಚದಲ್ಲಿ ಒಂದು ಪಾಲನ್ನು ಹೊತ್ತರೆ, ನಗರದ ಧರ್ಮಶಾಲೆಯಲ್ಲಿ ಆ ಮನೆಯವರಿಗೆ ತಿಂಗಳುಗಟ್ಟಲೆ ತಂಗಲು ಕೋಣೆಯೊಂದನ್ನು ಬಿಟ್ಟುಕೊಟ್ಟರೆ, ಅದು ಔಷಧದಾನವೂ ಅಭಯದಾನವೂ ಆಗುತ್ತದೆ. ಕರ್ನಾಟಕದಲ್ಲಿ ಮರಣಾನಂತರದ ಅಂಗದಾನವನ್ನು ನಿರ್ವಹಿಸುವ ವ್ಯವಸ್ಥೆಗೆ ‘ಜೀವಸಾರ್ಥಕತೆ’ ಎಂಬ ಹೆಸರಿದೆ. ಪಡೆಯುವ ಸಂದರ್ಭ ಬಂದಾಗ ಮಾತ್ರ ಅದನ್ನು ನೆನೆಯುವುದು ಉಚಿತವಲ್ಲ. ಮನೆಮಂದಿ ಕ್ಷೇಮವಾಗಿರುವಾಗಲೇ ಒಂದೆಡೆ ಕುಳಿತು, ಕೊಡುವ ಸಂದರ್ಭ ಬಂದರೆ ತಾವು ಏನು ಮಾಡುವೆವೆಂದು ಆಲೋಚಿಸಿಡುವುದು ವಿವೇಕ. ಯೂಟಾದ ಆ ತಂದೆತಾಯಿಗಳಿಗೆ ಆಲೋಚಿಸಲು ದೊರೆತ ಕಾಲವು ಅತ್ಯಲ್ಪವಾಗಿತ್ತು.