ಕಾದಂಬರಿಕಾರರ ಕಸುಬು ಮತ್ತು ಕಾಸು

ಕನ್ನಡದ ಕಾದಂಬರಿಕಾರರು ತಮ್ಮ ಬರವಣಿಗೆಯ ಬಗೆಗೆ ಮೌನವಾಗಿದ್ದವರಲ್ಲ. ಆತ್ಮಕಥೆ, ಮುನ್ನುಡಿ, ಸಮ್ಮೇಳನಗಳ ಅಧ್ಯಕ್ಷ ಭಾಷಣ, ಸಂದರ್ಶನ ಇವುಗಳಲ್ಲೆಲ್ಲ ವಸ್ತು, ಪಾತ್ರ, ಭಾಷೆ, ಶೈಲಿಗಳ ಚರ್ಚೆ ಧಾರಾಳವಾಗಿ ದೊರೆಯುತ್ತದೆ. ಹಣದ ಮಾತು ಮಾತ್ರ ವಿರಳ. ಬಂದರೂ ಅದು ಅರ್ಧ ಗೊಣಗಾಟವಾಗಿ, ಅರ್ಧ ತಮಾಷೆಯಾಗಿ ಸುಳಿದು ಮರೆಯಾಗುತ್ತದೆ. ಆದರೆ ಈ ಎರಡು ಬಗೆಯ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಾದಂಬರಿಯ ಗಾತ್ರವೆಷ್ಟು, ವೇಗವೆಷ್ಟು, ಅದು ಎಷ್ಟು ಧೈರ್ಯ ತೋರಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಅನೇಕ ವೇಳೆ ಲೇಖಕನ ಮನಸ್ಸಿನಲ್ಲಿ ಮಾತ್ರವಲ್ಲ, ಅವನ ಮನೆಯ ಜಮಾಖರ್ಚಿನಲ್ಲಿಯೂ ಇದೆ.

ಆರಂಭಕಾಲದಲ್ಲಿ ಕಾದಂಬರಿ ಯಾರ ಹೊಟ್ಟೆಪಾಡೂ ಆಗಿರಲಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗಣಿಸಲಾಗುವ 'ಇಂದಿರಾಬಾಯಿ' (1899) ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ನೌಕರರು. ಬರವಣಿಗೆಯನ್ನೇ ನೆಚ್ಚಿ ಹೊರಟವರಲ್ಲಿ ಮೊದಲು ನೆನಪಾಗುವ ಹೆಸರು ಗಳಗನಾಥರದು (1869-1942). ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಈ ಶಿಕ್ಷಕರು ಕೆಲಸ ಬಿಟ್ಟು ಕಾದಂಬರಿ ಹಾಗೂ 'ಸದ್ಬೋಧ ಚಂದ್ರಿಕೆ' ಪತ್ರಿಕೆಯ ಕೆಲಸದಲ್ಲಿ ತೊಡಗಿದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 'ಮಾಧವ ಕರುಣಾ ವಿಲಾಸ'ದಂತಹ ಸ್ವತಂತ್ರ ಕೃತಿಯನ್ನೂ ರಚಿಸಿದರು. ಅಚ್ಚಾದ ಪುಸ್ತಕಗಳ ಗಂಟನ್ನು ಸ್ವತಃ ಹೊತ್ತು ಊರೂರು ಅಲೆದು ಮಾರಿದರೆಂಬುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಜನ ಹೇಳುವ ಮಾತು. ಬರೆಯುವವ, ಪ್ರಕಟಿಸುವವ, ಮಾರುವವ ಮೂವರೂ ಒಬ್ಬನೇ ಆಗಿದ್ದ ಕಾಲವದು. ಓದುಗನ ಮುಖವನ್ನು ಅಷ್ಟು ಹತ್ತಿರದಿಂದ ಕಂಡ ಲೇಖಕ ಕಥೆಯನ್ನು ನೀರಸವಾಗಲು ಬಿಡುವಂತಿರಲಿಲ್ಲ. ಗಳಗನಾಥರ ಗದ್ಯದ ಓಟಕ್ಕೆ ಈ ತಿರುಗಾಟದ ಪಾಲೂ ಇದ್ದೀತು.

ಬರವಣಿಗೆಯನ್ನು ಪೂರ್ಣಾವಧಿಯ ವೃತ್ತಿಯನ್ನಾಗಿ ಮಾಡಿಕೊಂಡು, ಹಾಗೆ ಬದುಕಲು ಸಾಧ್ಯವೆಂದು ತೋರಿಸಿದವರು ಅ.ನ. ಕೃಷ್ಣರಾಯರು (1908-1971). 1934ರ 'ಜೀವನಯಾತ್ರೆ'ಯಿಂದ ತೊಡಗಿ ತೀರಿಕೊಳ್ಳುವವರೆಗೆ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಮೂರು. ಇದು ಪ್ರತಿಭೆಯ ಲೆಕ್ಕವೂ ಹೌದು, ಬಾಡಿಗೆ-ದಿನಸಿಯ ಲೆಕ್ಕವೂ ಹೌದು. ತಿಂಗಳ ಸಂಬಳವಿಲ್ಲದ ಲೇಖಕನಿಗೆ ಒಂದು ಕೃತಿಯನ್ನು ನಾಲ್ಕು ವರ್ಷ ತಿದ್ದುತ್ತ ಕೂರುವ ಅವಕಾಶವಿಲ್ಲ. ವಿಮರ್ಶಕರು ಅನಕೃ ಕಾದಂಬರಿಗಳಲ್ಲಿ ಎತ್ತಿ ತೋರಿಸಿದ ದೋಷಗಳು, ಅಂದರೆ ಪುನರುಕ್ತಿ, ಉದ್ದುದ್ದ ಸಂಭಾಷಣೆ, ಅವಸರದ ಮುಕ್ತಾಯ, ಬಹುಪಾಲು ಈ ಅವಸರದ ಫಲವೇ. ಅದೇ ವೇಗದಲ್ಲಿ 'ಸಂಧ್ಯಾರಾಗ'ದಂತಹ ಬಾಳುವ ಕೃತಿಯೂ ಬಂದಿತು. ಕನ್ನಡ ಪುಸ್ತಕವನ್ನು ಕೊಂಡು ಓದುವ ಮಧ್ಯಮ ವರ್ಗವೊಂದು ಬೆಳೆಯಿತು ಎಂಬುದನ್ನು ಅವರ ಟೀಕಾಕಾರರೂ ಅಲ್ಲಗಳೆದಿಲ್ಲ. ವೇಶ್ಯಾವೃತ್ತಿಯನ್ನು ವಸ್ತುವಾಗುಳ್ಳ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಅಶ್ಲೀಲವೆಂಬ ಕೂಗೆದ್ದಾಗ ಅವರು ಸುಮ್ಮನಿರದೆ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. 1960ರ ಮಣಿಪಾಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆಯಿತು.

ಅನಕೃ ತೆರೆದ ಹಾದಿಯಲ್ಲಿ ತ.ರಾ. ಸುಬ್ಬರಾಯ, ನಿರಂಜನ, ಬಸವರಾಜ ಕಟ್ಟೀಮನಿ ನಡೆದರು. ಇವರಲ್ಲಿ ಹಲವರು ಪತ್ರಿಕೆಗಳಲ್ಲಿ ದುಡಿದವರು. ಕಟ್ಟೀಮನಿಯವರ 'ಜ್ವಾಲಾಮುಖಿಯ ಮೇಲೆ' ಪತ್ರಕರ್ತನೊಬ್ಬನ ಬವಣೆಯ ಕಥೆ. ಅಕ್ಷರದಿಂದ ಅನ್ನ ಹುಟ್ಟಿಸುವ ಕಷ್ಟವನ್ನು ಕಾದಂಬರಿಯ ವಸ್ತುವಾಗಿಯೇ ನಿರ್ವಹಿಸಿದ ಕೆಲವೇ ಕನ್ನಡ ಕೃತಿಗಳಲ್ಲಿ ಅದೂ ಒಂದು. ಪತ್ರಿಕಾ ಕಚೇರಿಗಳಲ್ಲಿ ಅದು ಇನ್ನಷ್ಟು ಓದಿಗೆ ಅರ್ಹ.

ಚಂದಾದಾರ ಕೊಟ್ಟ ಧೈರ್ಯ

ಪ್ರಕಾಶನದ ಬೇರೊಂದು ಮಾದರಿ ಧಾರವಾಡದಲ್ಲಿ ಹುಟ್ಟಿತು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಓದುಗರಿಂದ ಮುಂಗಡವಾಗಿ ಚಂದಾ ಪಡೆದು, ವರ್ಷಕ್ಕೆ ಇಂತಿಷ್ಟು ಪುಸ್ತಕಗಳನ್ನು ಮನೆಗೆ ತಲುಪಿಸುವ ಪದ್ಧತಿಯನ್ನು ರೂಢಿಸಿತು. ಪುಸ್ತಕ ಯಾವುದೆಂದು ತಿಳಿಯುವ ಮೊದಲೇ ಓದುಗ ಹಣ ಕೊಟ್ಟಿರುತ್ತಾನೆ. ಆದ್ದರಿಂದ ಮಾರಾಟವಾಗುವುದೋ ಇಲ್ಲವೋ ಎಂಬ ಭಯದಿಂದ ಹಸ್ತಪ್ರತಿಯನ್ನು ಹಿಂದಿರುಗಿಸುವ ಪ್ರಸಂಗ ಕಡಿಮೆ. ಸುಭಾಷ್ ರಸ್ತೆಯ 'ಅಟ್ಟ'ದ ಹರಟೆಗಳು, ಬೇಂದ್ರೆ ಹಾಗೂ ಕೀರ್ತಿನಾಥ ಕುರ್ತಕೋಟಿಯವರಂತಹ ಸಲಹೆಗಾರರು ಇವೆಲ್ಲ ಸೇರಿ ಅದಕ್ಕೊಂದು ಅಭಿರುಚಿಯನ್ನು ಕೊಟ್ಟವು. ಶಾಂತಿನಾಥ ದೇಸಾಯಿಯವರ 'ಮುಕ್ತಿ' (1961), ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಇಲ್ಲಿಂದಲೇ ಹೊರಬಂದವು. ಹೊಸಬನೊಬ್ಬನ, ಸಂಪ್ರದಾಯಸ್ಥರನ್ನು ಕೆರಳಿಸಬಲ್ಲ ಪುಟ್ಟ ಕಾದಂಬರಿಯನ್ನು ಪುಸ್ತಕದಂಗಡಿಯ ವ್ಯಾಪಾರವನ್ನಷ್ಟೇ ನಂಬಿದ ಪ್ರಕಾಶಕ ಅಷ್ಟು ನಿರಾತಂಕವಾಗಿ ಕೈಗೆತ್ತಿಕೊಳ್ಳುತ್ತಿದ್ದನೇ ಎಂಬುದು ಸಂದೇಹ.

'ಸಂಸ್ಕಾರ' ಹುಟ್ಟಿದ ಬಗೆಯನ್ನು ಅನಂತಮೂರ್ತಿಯವರು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ಅಧ್ಯಾಪಕ ಹಾಗೂ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್‌ರ 'ದ ಸೆವೆಂತ್ ಸೀಲ್' ಚಿತ್ರ ನೋಡಿದರು. ಯುರೋಪಿನವನಿಗೆ ಮಧ್ಯಯುಗ ಪುಸ್ತಕದಿಂದ ತಿಳಿಯಬೇಕಾದ ವಿಷಯ, ಭಾರತೀಯನಿಗಾದರೋ ಅದು ಬದುಕಿರುವ ನೆನಪು ಎಂಬ ಅರ್ಥದ ಮಾತು ಅವರಿಬ್ಬರ ನಡುವೆ ಬಂದಿತು. ಕಾದಂಬರಿ ಅಲ್ಲಿಂದ ಬೆಳೆಯಿತು. ಅದನ್ನು ಬರೆಯುವಾಗ ಲೇಖಕರ ಜೀವನ ನಡೆಯುತ್ತಿದ್ದುದು ವಿದ್ಯಾರ್ಥಿವೇತನದಿಂದ ಎಂಬುದನ್ನು ಈ ಪ್ರಸಿದ್ಧ ಪ್ರಸಂಗದ ಜೊತೆಗೆ ನೆನೆಯುವುದು ಯುಕ್ತ.

ಸಂಬಳ, ಸ್ವಂತ ಪ್ರಕಾಶನ

ಕನ್ನಡದ ಬೃಹತ್ ಕಾದಂಬರಿಗಳ ಹಿಂದೆ ಸಾಮಾನ್ಯವಾಗಿ ಒಂದು ಸಂಬಳವಿದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಪ್ರಕಟವಾದವು. ನಡುವೆ ಮೂವತ್ತೊಂದು ವರ್ಷ. ಬರವಣಿಗೆಯನ್ನೇ ನಂಬಿದವನಿಗೆ ಇಂತಹ ಅಂತರ ಎಟುಕದು. ಎಸ್.ಎಲ್. ಭೈರಪ್ಪನವರು (1931-2025) ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದು 1991ರಲ್ಲಿ ನಿವೃತ್ತರಾದರು. 'ನಾನೇಕೆ ಬರೆಯುತ್ತೇನೆ' ಹಾಗೂ ಆತ್ಮಕಥೆ 'ಭಿತ್ತಿ' ಕನ್ನಡದಲ್ಲಿ ಕಾದಂಬರಿಕಾರನೊಬ್ಬ ತನ್ನ ಕಸುಬನ್ನು ಕುರಿತು ಬರೆದ ವಿಸ್ತೃತ ದಾಖಲೆಗಳ ಸಾಲಿಗೆ ಸೇರುತ್ತವೆ. 'ಪರ್ವ'ಕ್ಕಾಗಿ (1979) ಅವರು ಮಹಾಭಾರತದ ಸ್ಥಳಗಳನ್ನು ಸುತ್ತಿದರು. ಬಹುಪತಿತ್ವ ರೂಢಿಯಲ್ಲಿದ್ದ ಹಿಮಾಲಯದ ಹಳ್ಳಿಗಳಿಗೂ ಹೋದರು. ಅಂತಹ ಸಿದ್ಧತೆಗೆ ಬೇಕಾದದ್ದು ರಜೆ, ರೈಲಿನ ಖರ್ಚು ಮತ್ತು ಪುಸ್ತಕ ಈ ವರ್ಷವೇ ಮುಗಿಯಬೇಕೆಂಬ ಒತ್ತಡವಿಲ್ಲದಿರುವುದು. ಮುಂದೆ ಅವರ ಪುಸ್ತಕಗಳೇ ದೊಡ್ಡ ಮಾರುಕಟ್ಟೆಯನ್ನು ಸೃಷ್ಟಿಸಿದವು. 2007ರ 'ಆವರಣ'ದ ಮೊದಲ ಮುದ್ರಣ ಬಿಡುಗಡೆಗೆ ಮೊದಲೇ ಮುಗಿದುಹೋಗಿತ್ತು.

ಶಿವರಾಮ ಕಾರಂತರದು (1902-1997) ಇದಕ್ಕೆ ವಿರುದ್ಧವಾದ ದಾರಿ. ಸಂಬಳದ ಕೆಲಸಕ್ಕೆ ಕಟ್ಟುಬೀಳದೆ, ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ, ಮೂಕಿಚಿತ್ರ ತೆಗೆದು, ಮಕ್ಕಳಿಗಾಗಿ 'ಬಾಲಪ್ರಪಂಚ'ವೆಂಬ ವಿಶ್ವಕೋಶ ರಚಿಸಿ, ಈ ಸಾಹಸಗಳ ನಷ್ಟವನ್ನೂ ತಾವೇ ಹೊತ್ತರು. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಓದಿದವರಿಗೆ ಸಾಲದ ವಿವರಗಳು ಸೌಂದರ್ಯಾನುಭವದ ವಿವರಗಳಷ್ಟೇ ನಿಸ್ಸಂಕೋಚವಾಗಿ ಬರುವುದು ನೆನಪಿರುತ್ತದೆ. ಇಷ್ಟರ ನಡುವೆ ನಲವತ್ತಕ್ಕೂ ಮಿಕ್ಕಿ ಕಾದಂಬರಿಗಳು ಬಂದವು. ಮೂಡಿಗೆರೆಯಲ್ಲಿ ಕಾಫಿ ಬೆಳೆದು, 'ಪುಸ್ತಕ ಪ್ರಕಾಶನ'ದ ಮೂಲಕ ತಮ್ಮ ಕೃತಿಗಳನ್ನು ತಾವೇ ಹೊರತಂದ ಪೂರ್ಣಚಂದ್ರ ತೇಜಸ್ವಿಯವರೂ ಈ ಸ್ವಾತಂತ್ರ್ಯದ ಪಂಥಕ್ಕೆ ಸೇರಿದವರು. 'ಕರ್ವಾಲೊ' (1980) ಯಾವ ಸಿದ್ಧ ಮಾದರಿಗೂ ಹೊಂದದ ಕೃತಿ. ಪ್ರಕಾಶಕನ ಮನವೊಲಿಸುವ ಅಗತ್ಯವಿಲ್ಲದ ಲೇಖಕನಿಗೆ ಮಾದರಿಯ ಗೊಡವೆಯೂ ಕಡಿಮೆ.

ವಾರಪತ್ರಿಕೆ ಮತ್ತು ಬೆಳ್ಳಿತೆರೆ

1965ರಲ್ಲಿ 'ಸುಧಾ' ಆರಂಭವಾದ ನಂತರ ಧಾರಾವಾಹಿ ಕಾದಂಬರಿಗೆ ಹೊಸ ಬೇಡಿಕೆ ಬಂದಿತು. ಧಾರಾವಾಹಿಯ ನಿಯಮಗಳು ಬೇರೆ. ಪ್ರತಿ ಕಂತೂ ಹೆಚ್ಚು ಕಡಿಮೆ ಒಂದೇ ಗಾತ್ರದ್ದಾಗಿರಬೇಕು. ಕೊನೆಯಲ್ಲಿ ಮುಂದಿನ ವಾರದವರೆಗೆ ಓದುಗರನ್ನು ಹಿಡಿದಿಡುವ ತಿರುವು ಬೇಕು. ಆರು ವಾರದ ಹಿಂದೆ ಬಂದುಹೋದ ಪಾತ್ರವನ್ನು ನೆನಪಿಸುವ ಎರಡು ಸಾಲು ಬೇಕು. ಪುಸ್ತಕವಾದಾಗ ಈ ಹೊಲಿಗೆಗಳು ಕಣ್ಣಿಗೆ ಬೀಳುತ್ತವೆ. ಇದೇ ಕಾಲದಲ್ಲಿ ನಗರಗಳ ಬಡಾವಣೆಗಳಲ್ಲಿ ಹಬ್ಬಿದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಲೇಖಕಿಯರ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿದವು. ಒಂದು ಪ್ರತಿಯನ್ನು ನೂರು ಮಂದಿ ಬಾಡಿಗೆಗೆ ಓದಿದರು. ಕೀರ್ತಿ ನೂರು ಪಾಲು ಬೆಳೆಯಿತು, ಗೌರವಧನ ಒಂದೇ ಪ್ರತಿಯದು.

ತ್ರಿವೇಣಿಯವರ ಬದುಕಿನಲ್ಲಿ ಈ ವ್ಯತ್ಯಾಸ ಅತ್ಯಂತ ಕಟುವಾಗಿ ಕಾಣುತ್ತದೆ. ಮನಶ್ಶಾಸ್ತ್ರವನ್ನು ಅಧ್ಯಯನ ಮಾಡಿದ್ದ ಅವರು 1953ರ 'ಅಪಸ್ವರ'ದಿಂದ ಆರಂಭಿಸಿ ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದು, ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ನಿಧನರಾದರು. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ತೆರೆಗೆ ಬಂದದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ಅವರ ಹೆಸರನ್ನು ಹಳ್ಳಿಹಳ್ಳಿಗೆ ಒಯ್ದ ಚಿತ್ರಗಳನ್ನು ಅವರು ಕಾಣಲಿಲ್ಲ. ನಲವತ್ತೈದರ ಆಸುಪಾಸಿನಲ್ಲಿ, 1963ರ 'ತುಂಗಭದ್ರಾ'ದೊಂದಿಗೆ ಕಾದಂಬರಿ ಲೋಕಕ್ಕೆ ಬಂದ ಎಂ.ಕೆ. ಇಂದಿರಾ ಅವರು ತಮ್ಮ 'ಗೆಜ್ಜೆಪೂಜೆ', 'ಫಣಿಯಮ್ಮ'ಗಳು ಚಿತ್ರವಾದುದನ್ನು ಕಂಡರು.

ಚಿತ್ರರಂಗದ ಹಣ ಬಂದಲ್ಲಿ ಕೃತಿಯ ಮೇಲಿನ ಹಿಡಿತ ಸಡಿಲವಾಗುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ತಯಾರಾದ 'ನಾಗರಹಾವು' (1972) ಅಪಾರ ಯಶಸ್ಸು ಗಳಿಸಿತು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಲೇಖಕರು ನೊಂದು ನುಡಿದರೆಂಬ ಮಾತು ಚಿತ್ರದಷ್ಟೇ ಪ್ರಸಿದ್ಧ. ಅದೇ ತ.ರಾ.ಸು. ಚಿತ್ರದುರ್ಗದ ಇತಿಹಾಸದ ಕಾದಂಬರಿಗಳಿಗೆ ಮತ್ತೆ ಮತ್ತೆ ಮರಳಿ, 1982ರಲ್ಲಿ 'ದುರ್ಗಾಸ್ತಮಾನ' ಪ್ರಕಟಿಸಿದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಇಂದಿನ ಲೆಕ್ಕ

ಒಪ್ಪಂದವಿದ್ದಲ್ಲಿ ಕನ್ನಡ ಲೇಖಕನಿಗೆ ದೊರೆಯುವ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡ 10. ಇನ್ನೂರು ರೂಪಾಯಿಯ ಪುಸ್ತಕ ಸಾವಿರ ಪ್ರತಿ ಮಾರಾಟವಾದರೆ ಕೈಸೇರುವುದು 20,000 ರೂಪಾಯಿ. ಎರಡು ವರ್ಷದ ದುಡಿಮೆಗೆ ಇದು ಪ್ರತಿಫಲವೆನ್ನಲು ನಾಲಿಗೆ ತಡೆಯುತ್ತದೆ. ಹಣದ ಬದಲು ಪ್ರತಿಗಳನ್ನೇ ಕೊಟ್ಟು ಕೈತೊಳೆದುಕೊಳ್ಳುವುದೂ ಉಂಟು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಅನೇಕ ಪ್ರಕಾಶಕರು ನೆಚ್ಚಿದ್ದಾರೆ. ಪುಟದ ಲೆಕ್ಕದಲ್ಲಿ ದರ ನಿಗದಿಯಾಗುವ ಈ ವ್ಯವಸ್ಥೆಯಲ್ಲಿ ಖರೀದಿ ತಡವಾದಾಗ ಮೊದಲು ನಿಲ್ಲುವುದು ಲೇಖಕನ ಪಾಲು. ಸಾಫ್ಟ್‌ವೇರ್ ಉದ್ಯೋಗ ತೊರೆದ ವಸುಧೇಂದ್ರರಂತಹವರು ತಮ್ಮದೇ 'ಛಂದ ಪುಸ್ತಕ'ದ ಮೂಲಕ ತೇಜಸ್ವಿಯವರ ಹಾದಿಯನ್ನು ಹೊಸ ಕಾಲಕ್ಕೆ ಹೊಂದಿಸಿದ್ದಾರೆ. ಅನುವಾದ ಇನ್ನೊಂದು ಬಾಗಿಲು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೇರೂರರ ಇಂಗ್ಲಿಷಿನಲ್ಲಿ ಹೊರದೇಶಗಳ ಓದುಗರನ್ನು ಮುಟ್ಟಿತು. 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯ 50,000 ಪೌಂಡುಗಳು ಕಥೆಗಾರ್ತಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿಯವರಿಗೆ ಸಮಪಾಲಾಗಿ ಸಂದವು.

ಲೇಖಕನ ನಂತರವೂ ಲೆಕ್ಕ ಮುಗಿಯುವುದಿಲ್ಲ. ಕಾರಂತರು 1994ರಲ್ಲಿ ಬರೆದ ಉಯಿಲಿನ ಆಧಾರದ ಮೇಲೆ, ಅವರ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದೆಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಬ್ಯಾಲೆ ಸಾಹಿತ್ಯಕೃತಿಯಲ್ಲ, ನಾಟಕಕೃತಿ ಎಂಬ ಕಾನೂನಿನ ಸೂಕ್ಷ್ಮ ಅಲ್ಲಿ ಚರ್ಚೆಗೆ ಬಂದಿತು. ಉಯಿಲು ಬರೆಯುವ ಲೇಖಕರು ಗಮನಿಸಬೇಕಾದ ತೀರ್ಪು ಅದು. ಭಾರತದ ಕಾನೂನಿನಂತೆ ಲೇಖಕರು ನಿಧನರಾದ ವರ್ಷ ಕಳೆದು ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಅದರಂತೆ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿದ್ದು, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅನಕೃ ಕೃತಿಗಳಿಗೆ ಆ ದಿನ 2032ರ ಜನವರಿಯಲ್ಲಿ, ತ.ರಾ.ಸು. ಕೃತಿಗಳಿಗೆ 2045ರಲ್ಲಿ, ಭೈರಪ್ಪನವರ ಕೃತಿಗಳಿಗೆ 2086ರಲ್ಲಿ ಬರುತ್ತದೆ.